ದಂಡ, ಬಸ್ಕಿ ಮತ್ತು ತಟ್ಟೆ: ಮನೆಯ ವ್ಯಾಯಾಮದಲ್ಲಿ ತೂಕ ಹಾಗೂ ಬಲದ ಲೆಕ್ಕ

ತೂಕ ಇಳಿಸಬೇಕೆಂದು ಮನಸ್ಸು ಮಾಡಿದವರು ನಮ್ಮಲ್ಲಿ ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಬೆಳಗ್ಗೆ ಎದ್ದು ವಾಕಿಂಗ್ ಹೋಗುತ್ತಾರೆ, ರಾತ್ರಿ ಅನ್ನ ಬಿಟ್ಟು ಚಪಾತಿ ಹಿಡಿಯುತ್ತಾರೆ. ಕೆಲವು ಕಾಲ ತೂಕ ಇಳಿದು ಆಮೇಲೆ ನಿಂತುಬಿಡುತ್ತದೆ. ಇಳಿದದ್ದರಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು ಎಂದು ಯಾರೂ ಕೇಳುವುದಿಲ್ಲ. ತೂಕದ ಯಂತ್ರಕ್ಕೆ ಆ ಭೇದ ತಿಳಿಯದು. ತೂಕ ಇಳಿಸುವುದು ಮತ್ತು ಬಲ ಬೆಳೆಸುವುದು ಎಂಬ ಎರಡು ಗುರಿಗಳನ್ನು ಮನೆಯೊಳಗೇ, ಯಂತ್ರಗಳಿಲ್ಲದೆ ಒಟ್ಟಿಗೆ ಸಾಧಿಸಲು ಕರ್ನಾಟಕದ ವ್ಯಾಯಾಮ ಪರಂಪರೆ ಎಷ್ಟರಮಟ್ಟಿಗೆ ನೆರವಾಗಬಲ್ಲದು ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ. ಗರಡಿಯ ಸಾಧನೆ ಇಂದಿಗೂ ಒದಗುತ್ತದೆ, ಗರಡಿಯ ಊಟ ಒದಗುವುದಿಲ್ಲ ಎಂಬುದು ನನ್ನ ವಾದ.

ಪ್ರಶ್ನೆ ನಮಗೆ ಹೆಚ್ಚು ತುರ್ತಿನದಾಗಲು ಒಂದು ದೈಹಿಕ ಕಾರಣವಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ನೋಡಲು ಸಣ್ಣಗಿದ್ದೂ ಒಳಗೆ ಕೊಬ್ಬು ತುಂಬಿಕೊಂಡ ಭಾರತೀಯ ದೇಹವನ್ನು ಇದಕ್ಕಿಂತ ಚುಟುಕಾಗಿ ತೋರಿಸುವುದು ಕಷ್ಟ. ಇದೇ ಕಾರಣಕ್ಕೆ ಭಾರತೀಯರಿಗೆ ಅಧಿಕ ತೂಕದ ಗೆರೆಯನ್ನು 25ರ ಬದಲು 23ಕ್ಕೆ ಎಳೆಯಲಾಗಿದೆ. ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹಳೆಯ 25ರ ಗೆರೆಯನ್ನೇ ಬಳಸಿದರೂ ಕರ್ನಾಟಕದ ವಯಸ್ಕರಲ್ಲಿ, ಹೆಣ್ಣು ಗಂಡೆಂಬ ಭೇದವಿಲ್ಲದೆ, ಹತ್ತರಲ್ಲಿ ಸುಮಾರು ಮೂವರು ಅದನ್ನು ದಾಟಿದ್ದರು. ಮಾಂಸಖಂಡವೇ ಕಡಿಮೆಯಿರುವ ದೇಹ ಬರೀ ಉಪವಾಸದಿಂದ ತೂಕ ಕಳೆದುಕೊಂಡರೆ ಇರುವುದನ್ನೂ ಕರಗಿಸಿಕೊಳ್ಳುತ್ತದೆ. ವ್ಯಾಯಾಮವಿಲ್ಲದೆ ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಶ ಎಂಬುದು ಪೋಷಣಾಶಾಸ್ತ್ರದಲ್ಲಿ ರೂಢಿಯಲ್ಲಿರುವ ಅಂದಾಜು.

ಇನ್ನು ಪರಂಪರೆಯ ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದ ಕೃತಿ. ಅದರ ಮಲ್ಲವಿನೋದ ಭಾಗದಲ್ಲಿ ಜಟ್ಟಿಗಳ ಶ್ರೇಣಿಗಳು, ಅವರ ತಾಲೀಮು, ಅವರಿಗೆ ಅರಮನೆಯಿಂದ ಸಲ್ಲಬೇಕಾದ ಆಹಾರ ಎಲ್ಲವೂ ಬರುತ್ತವೆ. ತಾಲೀಮನ್ನು ಅದು ‘ಶ್ರಮ’ಗಳಾಗಿ ವಿಂಗಡಿಸುತ್ತದೆ. ಭಾರ ಎತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ಈಜು ಸಲಿಲಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಬಲಕ್ಕೆ ಬೇರೆ, ದಮ್ಮಿಗೆ ಬೇರೆ ಕೆಲಸ ಬೇಕು ಎಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದೇ ವಿಭಜನೆಯನ್ನು. ನಮ್ಮ ಉದ್ಯಾನಗಳಲ್ಲಿ ಭ್ರಮಣಶ್ರಮ ಧಾರಾಳವಾಗಿ ನಡೆದಿದೆ, ಭಾರಶ್ರಮವನ್ನು ಕೇಳುವವರಿಲ್ಲ.

ಆದರೆ ಊಟದ ವಿಚಾರ ಬೇರೆ. ಮಾನಸೋಲ್ಲಾಸದ ಮಲ್ಲನಿಗೆ ಬೇಳೆಕಾಳು, ಮಾಂಸ, ಹಾಲು, ಸಿಹಿ ಎಲ್ಲವೂ ರಾಜನ ಖರ್ಚಿನಲ್ಲಿ. ಮೈಸೂರಿನ ಗರಡಿಗಳ ಪೈಲ್ವಾನರ ಹಾಲು, ತುಪ್ಪ, ಬಾದಾಮಿಯೂ ಅದೇ ಜಾಡಿನದು. ದಿನಕ್ಕೆ ನೂರಾರು ದಂಡ ಬಸ್ಕಿ ಹೊಡೆದು, ಮಟ್ಟಿಯಲ್ಲಿ ಗಂಟೆಗಟ್ಟಲೆ ಸೆಣಸುವವನ ಊಟ ಅದು. ಅವನಿಗೆ ಮೈ ತುಂಬಿಕೊಳ್ಳಬೇಕಿತ್ತು, ಇಳಿಸಬೇಕಿರಲಿಲ್ಲ. ಕುರ್ಚಿಯಲ್ಲಿ ಎಂಟು ಗಂಟೆ ಕೂತು ಬಂದು ಇಪ್ಪತ್ತು ಬಸ್ಕಿ ಹೊಡೆದವರು ‘ಶಕ್ತಿಗೆ ಬೇಕು’ ಎಂದು ಒಂದು ಲೋಟ ಬಾದಾಮಿ ಹಾಲು ಕುಡಿಯುವುದು ಈ ಪರಂಪರೆಯ ಅರ್ಧವನ್ನಷ್ಟೇ ಎತ್ತಿಕೊಂಡದ್ದರ ಫಲ.

ಸ್ಥೂಲಕಾಯದವರ ಊಟಕ್ಕೆ ಹಳೆಯ ಆಧಾರ ಬೇಕಾದರೆ ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ನೋಡಬೇಕು. ಅಲ್ಲಿ ನವಣೆ, ಸಾಮೆ, ಹಾರಕ, ಜವೆ, ಹೆಸರು, ಹುರುಳಿಗಳ ಪಟ್ಟಿಯಿದೆ. ಜೀರ್ಣಕ್ಕೆ ಭಾರವಾಗಿದ್ದು ಮೈಗೆ ಕಡಿಮೆ ಪುಷ್ಟಿ ಕೊಡುವ ಆಹಾರ ಸ್ಥೂಲರಿಗೆ ತಕ್ಕದ್ದು ಎಂಬ ಸೂತ್ರವೂ ಅಲ್ಲೇ ಇದೆ. ಹೊಟ್ಟೆ ಬೇಗ ತುಂಬಿಸುವ, ಕ್ಯಾಲೊರಿ ಕಡಿಮೆಯಿರುವ ಊಟ ಎಂಬ ಇಂದಿನ ಸಲಹೆಗೆ ಇದು ಹತ್ತಿರವಾಗಿದೆ. ಎರಡೂ ಒಂದೇ ಎಂದು ಸಾಧಿಸಹೊರಡುವ ಉತ್ಸಾಹ ನನಗಿಲ್ಲ.

ವ್ಯಾಯಾಮವನ್ನು ಗರಡಿಯಿಂದ ಮನೆಗೆ ತಂದ ಘಟ್ಟ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಓದುಗರಿಗೆ ಪರಿಚಿತರಾದ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದವರು. 1930ರ ಹೊತ್ತಿಗೆ ಇಂಗ್ಲಿಷಿನಲ್ಲಿ ‘ಮಸಲ್ ಕಲ್ಟ್’ ಬರೆದರು, 1937ರಲ್ಲಿ ಸೂರ್ಯನಮಸ್ಕಾರದ ಮೇಲೆ ಪುಸ್ತಕ ತಂದರು, ಅಂಚೆಯ ಮೂಲಕವೂ ಅಂಗಸಾಧನೆ ಕಲಿಸಿದರು. ಔಂಧ್ ಸಂಸ್ಥಾನದ ರಾಜ ಭವಾನರಾವ್ ಸೂರ್ಯನಮಸ್ಕಾರವನ್ನು ಶಾಲೆಗಳಿಗೂ ಮನೆಗಳಿಗೂ ಹಬ್ಬಿಸುತ್ತಿದ್ದ ಕಾಲ ಅದು. ಅಯ್ಯರ್ ಅವರ ವಿಶೇಷವೆಂದರೆ ಆಸನ, ನಮಸ್ಕಾರಗಳ ಜೊತೆಗೆ ಭಾರ ಎತ್ತುವುದನ್ನು ಬಿಡದೆ ಇಟ್ಟುಕೊಂಡದ್ದು. ಮುಂದಿನ ದಶಕಗಳಲ್ಲಿ ಮನೆಗಳಲ್ಲಿ ಉಳಿದದ್ದು ನಮಸ್ಕಾರ ಮಾತ್ರ. ಕಬ್ಬಿಣ ಜಿಮ್ಮಿಗೆ ಹೋಯಿತು.

ಹೆಂಗಸರಿಗೆ ಗರಡಿಯ ಬಾಗಿಲೇ ತೆರೆದಿರಲಿಲ್ಲ. ಅವರ ಭಾರಶ್ರಮ ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗಗಳಲ್ಲಿತ್ತು. ಅದನ್ನು ವ್ಯಾಯಾಮವೆಂದು ಹಾಡಿ ಹೊಗಳುವುದು ಆ ದುಡಿಮೆಗೆ ಮಾಡುವ ಅವಮಾನ. ಮಿಕ್ಸಿಯೂ ನಲ್ಲಿಯೂ ಬಂದದ್ದು ಒಳ್ಳೆಯದೇ ಆಯಿತು. ಆದರೆ ಆ ಭಾರ ಹೋದ ಜಾಗಕ್ಕೆ ಬೇರೆ ಭಾರ ಬರಲಿಲ್ಲ.

ಮನೆಯಲ್ಲಿ ಭಾರ ಎಲ್ಲಿಂದ ತರುವುದು? ದೇಹದಿಂದಲೇ. ನೆಲದ ಮೇಲೆ ಸಾಮಾನ್ಯ ಪುಷ್ಅಪ್ ಮಾಡುವಾಗ ಕೈಗಳ ಮೇಲೆ ಬೀಳುವುದು ದೇಹತೂಕದ ಸುಮಾರು ಶೇ. 64 ಎಂದು 2011ರಲ್ಲಿ ಎಬ್ಬೆನ್ ಮತ್ತು ಸಂಗಡಿಗರು ಅಳೆದರು. ಮಂಡಿಯೂರಿ ಮಾಡಿದರೆ ಶೇ. 49. ಕೈಗಳನ್ನು 60 ಸೆಂಟಿಮೀಟರ್ ಎತ್ತರದ ಮೇಲಿಟ್ಟರೆ ಶೇ. 41, ಕಾಲುಗಳನ್ನು ಅಷ್ಟೇ ಎತ್ತರಕ್ಕೇರಿಸಿದರೆ ಶೇ. 74. ಅರವತ್ತು ಕಿಲೋ ತೂಕದ ಗೃಹಿಣಿಯೊಬ್ಬರು ದಿವಾನದ ಅಂಚಿಗೆ ಕೈಯೂರಿ ಆರಂಭಿಸಿದರೆ ತಳ್ಳುವುದು ಹತ್ತಿರ ಹತ್ತಿರ 25 ಕಿಲೋ. ನೆಲಕ್ಕಿಳಿದರೆ 38, ಪಾದಗಳನ್ನು ಸ್ಟೂಲಿನ ಮೇಲಿಟ್ಟರೆ 44. ಒಂದು ಕಾಸೂ ಖರ್ಚಿಲ್ಲದ ಮೆಟ್ಟಿಲುಗಳಿವು. ಗರಡಿಯ ದಂಡದಲ್ಲಿ ಮೈ ಹಾವಿನಂತೆ ಹಿಂದಕ್ಕೂ ಮುಂದಕ್ಕೂ ಹರಿಯುವುದರಿಂದ ಈ ಅಂಕಿಗಳು ಅದಕ್ಕೆ ಹಾಗೆಯೇ ಅನ್ವಯಿಸಲಾರವು. ಭಾರದ ದಿಕ್ಕು ಮಾತ್ರ ಇದೇ.

ಈ ಹಗುರ ಭಾರದಿಂದ ಸ್ನಾಯು ಬೆಳೆಯುತ್ತದೆಯೇ ಎಂಬ ಶಂಕೆಗೂ ಉತ್ತರವಿದೆ. ಜಪಾನಿನ ಕಿಕುಚಿ ಮತ್ತು ನಕಜಾಟೊ 2017ರಲ್ಲಿ ಪ್ರಕಟಿಸಿದ ಎಂಟು ವಾರಗಳ ಪ್ರಯೋಗದಲ್ಲಿ, ಪುಷ್ಅಪ್ ಮಾಡಿದವರಿಗೂ ಅಷ್ಟೇ ಹೊರೆಯ ಬೆಂಚ್‌ಪ್ರೆಸ್ ಮಾಡಿದವರಿಗೂ ಸ್ನಾಯುವಿನ ದಪ್ಪ ಮತ್ತು ಬಲ ಹೆಚ್ಚುಕಡಿಮೆ ಒಂದೇ ಸಮ ಹೆಚ್ಚಿದವು. ಆದರೆ ಹಗುರ ಭಾರ ಫಲ ಕೊಡಬೇಕಾದರೆ ಇನ್ನೊಂದೆರಡು ಬಾರಿ ಮಾತ್ರ ಸಾಧ್ಯ ಎನ್ನುವಷ್ಟು ಸ್ನಾಯು ದಣಿಯಬೇಕು. ಇಲ್ಲಿ ಸುಶ್ರುತನ ಮಾತು ಎದುರಾಗುತ್ತದೆ. ವ್ಯಾಯಾಮವನ್ನು ಅರ್ಧಬಲಕ್ಕೆ ನಿಲ್ಲಿಸಬೇಕು ಎನ್ನುತ್ತಾನೆ ಅವನು. ಬಾಯಲ್ಲಿ ಉಸಿರಾಡುವಂತಾಗುವುದನ್ನು ಅರ್ಧಬಲದ ಗುರುತಾಗಿ ಹೇಳುತ್ತಾನೆ. ಈ ವಿರೋಧ ಮೇಲುನೋಟದ್ದು ಎಂದು ನನಗೆ ತೋರುತ್ತದೆ. ಏದುಸಿರು ಇಡೀ ದೇಹದ ದಣಿವನ್ನು ಹೇಳುತ್ತದೆ. ದಂಡದಲ್ಲಿ ತೋಳು ನಡುಗಿ ನಿಲ್ಲುವುದು ಒಂದು ಭಾಗದ ದಣಿವು. ಎರಡು ಸುತ್ತುಗಳ ನಡುವೆ ಎರಡು ನಿಮಿಷ ಕೂತರೆ ತೋಳು ಪೂರ್ತಿ ದಣಿದರೂ ಉಸಿರು ಹದದಲ್ಲೇ ಇರುತ್ತದೆ. ಬಸ್ಕಿಯಲ್ಲಿ ನಮ್ಮವರು ಮಾಡುವುದು ಇದರ ತದ್ವಿರುದ್ಧ. ಐವತ್ತು, ನೂರು ಎಂದು ಎಣಿಕೆ ಏರಿಸುತ್ತ ಹೋಗುತ್ತಾರೆ, ಭಾರ ಏರಿಸುವುದಿಲ್ಲ. ಇದರಿಂದ ದಮ್ಮು ಬೆಳೆಯುತ್ತದೆ, ಬಲ ಒಂದು ಹಂತದಲ್ಲಿ ನಿಲ್ಲುತ್ತದೆ. ಹದಿನೈದಿಪ್ಪತ್ತು ಸಲೀಸಾದ ಮೇಲೆ ಐದು ಕಿಲೋ ಅಕ್ಕಿ ತುಂಬಿದ ಬ್ಯಾಗನ್ನು ಎದೆಗೆ ಅಪ್ಪಿಕೊಂಡು ಮಾಡುವುದು, ಆಮೇಲೆ ಹತ್ತು ಕಿಲೋ, ಆಮೇಲೆ ಒಂದು ಕಾಲು ಹಿಂದಿಟ್ಟು ಮಾಡುವುದು ಸರಿಯಾದ ಏಣಿ. ಬೆನ್ನಿಗೆ ಮಾತ್ರ ಮನೆಯಲ್ಲಿ ಒಳ್ಳೆಯ ಉಪಾಯ ಕಡಿಮೆ. ಎರಡು ಕೈಗೂ ನೀರಿನ ಕ್ಯಾನು ಹಿಡಿದು ಸೊಂಟದಲ್ಲಿ ಬಾಗಿ ಮೇಲಕ್ಕೆಳೆಯುವುದು ಇದ್ದುದರಲ್ಲಿ ವಾಸಿ.

ಇಷ್ಟೆಲ್ಲ ಮಾಡಿದರೂ ವ್ಯಾಯಾಮವೊಂದರಿಂದಲೇ ತೂಕ ಇಳಿಯುವುದು ಅಪರೂಪ. ಎಪ್ಪತ್ತು ಕಿಲೋ ತೂಕದವರು ಅರ್ಧ ಗಂಟೆ ಮಧ್ಯಮ ಗತಿಯಲ್ಲಿ ಅಂಗಸಾಧನೆ ಮಾಡಿದರೆ ಖರ್ಚಾಗುವುದು ಸುಮಾರು 130 ಕ್ಯಾಲೊರಿ. ಗ್ರಾಮಿಗೆ 9 ಕ್ಯಾಲೊರಿಯಂತೆ 15 ಗ್ರಾಂ ಎಣ್ಣೆಯಲ್ಲಿ ಅಷ್ಟೇ ಇದೆ. ಒಗ್ಗರಣೆಗೆ ಕೈ ಎತ್ತಿ ಎಣ್ಣೆ ಸುರಿಯುವ ಮನೆಯಲ್ಲಿ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಹಾಗಾಗಿ ತೂಕದ ತೀರ್ಮಾನ ಅಡುಗೆಮನೆಯಲ್ಲಿ ಆಗುತ್ತದೆ. ಇಳಿಯುವ ತೂಕ ಕೊಬ್ಬಿನದೋ ಸ್ನಾಯುವಿನದೋ ಎಂಬುದರಲ್ಲಿ ವ್ಯಾಯಾಮದ ಪಾಲು ದೊಡ್ಡದು.

ಅಡುಗೆಮನೆಯಲ್ಲಿ ರಾಗಿಯ ಬಗ್ಗೆ ಒಂದು ಮೂಢನಂಬಿಕೆ ಬೆಳೆದಿದೆ. ಅಕ್ಕಿಗೆ ಬದಲು ಮುದ್ದೆ ಉಂಡರೆ ತೂಕ ತಾನಾಗಿ ಇಳಿಯುತ್ತದೆ, ಬಲವೂ ಬರುತ್ತದೆ ಎಂದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನೆ ಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 7 ಗ್ರಾಂ ಪ್ರೋಟೀನು. ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ, 8 ಗ್ರಾಂ ಪ್ರೋಟೀನು. ರಾಗಿಯ ಹೆಚ್ಚುಗಾರಿಕೆ ಇರುವುದು 364 ಮಿಲಿಗ್ರಾಂ ಸುಣ್ಣದಲ್ಲಿ ಮತ್ತು ಅಕ್ಕಿಯ ನಾಲ್ಕು ಪಟ್ಟು ನಾರಿನಲ್ಲಿ. ಬೇಗ ಹೊಟ್ಟೆ ತುಂಬಿ ಎರಡನೆಯ ಮುದ್ದೆ ಬೇಡವೆನಿಸಿದರೆ ಲಾಭವುಂಟು, ಎರಡನೆಯದೂ ಇಳಿದರೆ ಇಲ್ಲ.

ನಿಜವಾದ ಕೊರತೆ ಪ್ರೋಟೀನಿನದು. ಐಸಿಎಂಆರ್ 2020ರ ಶಿಫಾರಸು ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ. 55 ಕಿಲೋ ತೂಕದವರಿಗೆ ಇದು 46 ಗ್ರಾಂ ಆಗುತ್ತದೆ. ಬಲದ ವ್ಯಾಯಾಮ ಮಾಡುವವರಲ್ಲಿ ಪ್ರೋಟೀನಿನ ಪ್ರಯೋಜನ ಕಿಲೋಗೆ ಸುಮಾರು 1.6 ಗ್ರಾಮಿನವರೆಗೆ ಏರುತ್ತದೆ ಎಂದು 49 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ಕಂಡುಕೊಂಡಿತು. ಈಗ ಸಸ್ಯಾಹಾರಿ ಮನೆಯೊಂದರ ಲೆಕ್ಕ ಹಾಕೋಣ. ದಿನಕ್ಕೆ 250 ಗ್ರಾಂ ಅಕ್ಕಿಯಿಂದ 20 ಗ್ರಾಂ, ಸಾರು ಹುಳಿಗಳ 30 ಗ್ರಾಂ ತೊಗರಿಬೇಳೆಯಿಂದ ಆರೂವರೆ, ಹಾಲು ಮೊಸರು ಸೇರಿ 300 ಮಿಲಿಲೀಟರಿನಿಂದ ಹತ್ತು. ಒಟ್ಟು 36 ಚಿಲ್ಲರೆ. ಕನಿಷ್ಠ ಶಿಫಾರಸಿಗೇ ಹತ್ತು ಗ್ರಾಂ ಕಡಿಮೆ. ನೂರು ಗ್ರಾಂ ಅಕ್ಕಿ ತೆಗೆದು ಐವತ್ತು ಗ್ರಾಂ ಹುರುಳಿಕಾಳು ಸೇರಿಸಿದರೆ ಸುಮಾರು 190 ಕ್ಯಾಲೊರಿ ಇಳಿಯುತ್ತದೆ, ಪ್ರೋಟೀನು ಮೂರು ಗ್ರಾಂ ಏರುತ್ತದೆ. ಮೊಳಕೆ ಕಟ್ಟಿ ಸಾರು ಮಾಡುವ ಪದ್ಧತಿ ಹಳೆ ಮೈಸೂರಿನಲ್ಲಿ ಇದ್ದೇ ಇದೆ, ಅದನ್ನು ವಾರಕ್ಕೊಮ್ಮೆಯ ಬದಲು ದಿನವಹಿ ಮಾಡಬೇಕು. ಮೂವತ್ತು ಗ್ರಾಂ ಸೋಯಾ ಚಂಕ್ಸ್ ಪಲ್ಯಕ್ಕೆ ಬಿದ್ದರೆ ಇನ್ನೂ ಹದಿನೈದು ಗ್ರಾಂ. ಮೊಟ್ಟೆ ತಿನ್ನುವವರಿಗೆ ಎರಡು ಮೊಟ್ಟೆಯಿಂದ ಹನ್ನೆರಡು ಹದಿಮೂರು. ಹೀಗೆ ಕಿಲೋಗೆ ಸುಮಾರು ಒಂದು ಗ್ರಾಂ ಮುಟ್ಟುವುದು ಸುಲಭ. 1.6 ತಲುಪುವುದು ಸಸ್ಯಾಹಾರಿ ಕನ್ನಡ ಊಟದಲ್ಲಿ ಕಷ್ಟ, ಆರಂಭದಲ್ಲಿ ಅದರ ಹಟವೂ ಬೇಡ. ಕಡಲೆಬೀಜವನ್ನು ಪ್ರೋಟೀನೆಂದು ಮುಕ್ಕುವವರಿದ್ದಾರೆ. ಪ್ರೋಟೀನು ಇದೆ ನಿಜ, ಐವತ್ತು ಗ್ರಾಮಿಗೆ 260 ಕ್ಯಾಲೊರಿಯೂ ಜೊತೆಗಿದೆ.

ಅಳತೆಗೆ ತೂಕದ ಯಂತ್ರದ ಜೊತೆ ದರ್ಜಿಯ ಟೇಪು ಮತ್ತು ದಂಡದ ಎಣಿಕೆ ಬೇಕು. ತೂಕ ನಿಂತಿದ್ದರೂ ಸೊಂಟದ ಸುತ್ತಳತೆ ಇಳಿದು ದಂಡದ ಎಣಿಕೆ ಏರುತ್ತಿದ್ದರೆ ಊಟವನ್ನು ಇನ್ನಷ್ಟು ಕಡಿಯುವ ಅಗತ್ಯವಿಲ್ಲ. ತೂಕವೂ ಎಣಿಕೆಯೂ ಒಟ್ಟಿಗೆ ಇಳಿಯುತ್ತಿದ್ದರೆ ಕರಗುತ್ತಿರುವುದು ಸ್ನಾಯು ಎಂದು ಶಂಕಿಸಿ ಪ್ರೋಟೀನನ್ನೂ ಒಟ್ಟು ಊಟವನ್ನೂ ಏರಿಸಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡುವ ಮೊದಲೇ ವೈದ್ಯರ ಬಳಿ ಔಷಧದ ಪ್ರಮಾಣ ಮಾತಾಡಿಕೊಳ್ಳಬೇಕು. ಇಲ್ಲವಾದರೆ ರಕ್ತದ ಸಕ್ಕರೆ ಏಕಾಏಕಿ ಕುಸಿಯಬಹುದು. ಮೂತ್ರಪಿಂಡದ ತೊಂದರೆಯಿರುವವರಿಗೆ ಇಲ್ಲಿನ ಪ್ರೋಟೀನು ಲೆಕ್ಕ ಅನ್ವಯಿಸುವುದೇ ಇಲ್ಲ. ಮಂಡಿನೋವಿನವರು ಪೂರ್ತಿ ಕೂರುವ ಬಸ್ಕಿ ಬಿಟ್ಟು ಕುರ್ಚಿಯಿಂದ ಕೈಯೂರದೆ ಏಳುವುದರಿಂದ ತೊಡಗಬಹುದು. ಕುರ್ಚಿ ಎತ್ತರದ್ದಾದಷ್ಟೂ ಕೆಲಸ ಹಗುರ, ಸಲೀಸಾದ ಮೇಲೆ ತಗ್ಗಿನ ಸ್ಟೂಲಿಗೆ ಇಳಿದರಾಯಿತು.