ಕುದುರೆಯ ದಾರಿ, ನುಡಿಯ ದಾರಿ

ಹಂಪಿಯ ಮಹಾನವಮಿ ದಿಬ್ಬದ ಮೆಟ್ಟಿಲುಗಳನ್ನೇರುವ ಅವಸರದಲ್ಲಿ ಬಹುಮಂದಿ ಅದರ ಬುಡವನ್ನು ನೋಡದೆಯೇ ಹೋಗಿಬಿಡುತ್ತಾರೆ. ಅರೆಗಳಿಗೆ ಬಗ್ಗಿ ನಿಂತು ನೋಡಿದವರಿಗೆ, ಆನೆ, ಒಂಟೆ, ಬೇಟೆ, ನರ್ತನಗಳ ಸಾಲುಗಳ ನಡುವೆ, ಟೊಪ್ಪಿಗೆಯಿಟ್ಟು ನಿಲುವಂಗಿ ತೊಟ್ಟು ಕುದುರೆಯ ಕಡಿವಾಣವನ್ನು ಹಿಡಿದು ನಡೆಯುತ್ತಿರುವ ಪರದೇಶದವರು ಕಾಣಿಸುತ್ತಾರೆ. ನಾಲ್ಕೈದು ಶತಮಾನಗಳ ಮಳೆಬಿಸಿಲಿಗೆ ಅವರ ಮೋರೆಗಳು ಸವೆದಿವೆ; ಬಾಯಿ ತೆರೆದಿದೆಯೋ ಮುಚ್ಚಿದೆಯೋ ಹೇಳಲಾಗದು. ಆ ಸವೆದ ಬಾಯಿಗಳನ್ನು ಕಂಡಾಗಲೆಲ್ಲ ನನಗೆ ಒಂದೇ ಪ್ರಶ್ನೆ: ಅರಬ್ಬೀ ಕುದುರೆಯ ಹಲ್ಲನ್ನೂ ಗೊರಸನ್ನೂ ಪರೀಕ್ಷಿಸಿ ಬೆಲೆ ಕಟ್ಟುತ್ತಿದ್ದ ಅರಮನೆಯ ಅಧಿಕಾರಿಯೊಡನೆ ಈ ಮಂದಿ ಯಾವ ಭಾಷೆಯಲ್ಲಿ ಚೌಕಾಶಿ ಮಾಡಿದರು?

ವ್ಯಾಪಾರವಂತೂ ಅಲ್ಪವಾದುದಾಗಿರಲಿಲ್ಲ. ವಿಜಯನಗರದ ಅರಸನು ವರ್ಷಂಪ್ರತಿ ಹೊರ್ಮುಜಿನ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು, ತಾನೂ ಕುದುರೆಯ ವ್ಯಾಪಾರಿಯೇ ಆಗಿದ್ದ ಫೆರ್ನಾಂವ್ ನೂನಿಜ್ ಬರೆದಿದ್ದಾನೆ. ಸಾಳುವ ನರಸಿಂಹನ ಕಾಲದಲ್ಲಿ ಹಡಗಿನಲ್ಲೇ ಸತ್ತ ಕುದುರೆಗೂ ಹಣ ಸಲ್ಲುತ್ತಿತ್ತೆಂದೂ, ಬಾಲವೊಂದನ್ನು ತಂದು ತೋರಿಸಿದರೆ ಸಾಕಾಗಿತ್ತೆಂದೂ ಅವನು ಹೇಳುತ್ತಾನೆ. ವ್ಯಾಪಾರಿಯ ಬಾಯಿಂದ ಬಂದ ಮಾತಾದ್ದರಿಂದ ಸ್ವಲ್ಪ ತಗ್ಗಿಸಿಯೇ ನಂಬಬೇಕು. ಈ ದಾರಿಯ ಕೀಲಿಕೈ ಗೋವೆಯಲ್ಲಿತ್ತು. 1547ರ ಸೆಪ್ಟೆಂಬರಿನಲ್ಲಿ, ಸದಾಶಿವರಾಯನು ಸಿಂಹಾಸನದಲ್ಲಿದ್ದು ಅಳಿಯ ರಾಮರಾಯನು ರಾಜ್ಯವಾಳುತ್ತಿದ್ದಾಗ, ಪೋರ್ಚುಗೀಸರೊಡನೆ ಆದ ಒಪ್ಪಂದದಲ್ಲಿ, ಗೋವೆಗೆ ಬಂದಿಳಿದ ಅರಬ್ಬೀ ಪಾರಸೀ ಕುದುರೆಗಳನ್ನು ಬಿಜಾಪುರಕ್ಕೆ ಕೊಡದೆ ವಿಜಯನಗರಕ್ಕೇ ಮಾರತಕ್ಕದ್ದೆಂದು ನಿಶ್ಚಯವಾಯಿತು.

ಆದರೆ ಕುದುರೆ ನಡೆದು ಬಂದ ದಾರಿಯಲ್ಲಿ ನುಡಿಯ ಕಲಿಕೆ ನಡೆದು ಬರಲಿಲ್ಲ. 1420ರ ಸುಮಾರಿಗೆ ಇಲ್ಲಿಗೆ ಬಂದ ವೆನಿಸಿನ ನಿಕೊಲೊ ದೆ ಕೊಂತಿ, ತಾರುಣ್ಯದಲ್ಲಿ ದಮಾಸ್ಕಸಿನಲ್ಲಿ ನಿಂತು ಅರಬ್ಬಿಯನ್ನು ಕಲಿತು, ಮುಂದೆ ಪಾರಸಿಯನ್ನೂ ಅಭ್ಯಸಿಸಿ, ಆ ಜನರ ಉಡುಪನ್ನೇ ತೊಟ್ಟು ಹೊರಟವನು. ಕನ್ನಡದ ಸೀಮೆಯನ್ನು ಅವನು ಆ ಎರಡು ಭಾಷೆಗಳ ಬಲದಿಂದಲೇ ದಾಟಿದನೆಂದು ತೋರುತ್ತದೆ. ಪೋರ್ಚುಗೀಸ್ ಪ್ರವಾಸಿಗಳಾದ ಪಾಯೆಸ್ ಮತ್ತು ನೂನಿಜರಿಗೆ ದುಭಾಷಿಗಳಿದ್ದಿರಬೇಕು. ರಾಜಧಾನಿ ಅವರ ಬರಹದಲ್ಲಿ ‘ಬಿಸ್ನಗ’ವಾಯಿತು, ಹೊಳೆಯಾಚೆಯ ಆನೆಗೊಂದಿ ಪಾಯೆಸನ ಲೇಖನಿಯಲ್ಲಿ ‘ನಗುಂದಿಂ’ ಆಯಿತು. ಅವರ ಕಣ್ಣುಗಳಿಗೆ ನಾವು ಎಷ್ಟು ಋಣಿಗಳೆಂಬುದನ್ನು ವಿಜಯನಗರದ ಚರಿತ್ರೆಯನ್ನೋದಿದವರೆಲ್ಲ ಬಲ್ಲರು. ಕಿವಿಯ ವಿಷಯದಲ್ಲಿ ಮಾತ್ರ ಅವರು ಉದಾಸೀನರು. ಅಷ್ಟು ಜನ ಬಂದು ಹೋದರೂ, ಆ ನಗರದ ಬೀದಿಯ ಕನ್ನಡಕ್ಕೆ ಅವರಲ್ಲೊಬ್ಬರು ಬರೆದ ವ್ಯಾಕರಣವಾಗಲಿ ಪದಪಟ್ಟಿಯಾಗಲಿ ನಮ್ಮ ಕೈಸೇರಲಿಲ್ಲ.

ಅದೇ ಗೋವೆಯಿಂದ ಹೊರಟ ಇನ್ನೊಂದು ದಾರಿಯ ಕಥೆ ಬೇರೆ. ಮೇಲೆ ಹೇಳಿದ ಒಪ್ಪಂದವಾಗಿ ಆರು ತಿಂಗಳು ಕಳೆಯುವಷ್ಟರಲ್ಲಿ, 1548ರ ಮಾರ್ಚಿನಲ್ಲಿ, ಗೋವೆಯ ಸಂತ ಪೌಲರ ಕಾಲೇಜಿಗೆ ಜಪಾನಿನ ಮೂವರು ಬಂದು ಸೇರಿದರು. ಅವರಲ್ಲಿ ಮುಖ್ಯನಾದವನು ಕಾಗೊಶಿಮಾ ಊರಿನ ಅಂಜಿರೊ. ಊರಿನಲ್ಲಿ ಒಬ್ಬನನ್ನು ಕೊಂದು, ಪೋರ್ಚುಗೀಸ್ ಹಡಗನ್ನೇರಿ ತಲೆಮರೆಸಿಕೊಂಡು, ಮಲಕ್ಕಾದಲ್ಲಿ ಪಾದ್ರಿ ಫ್ರಾನ್ಸಿಸ್ ಜೇವಿಯರನನ್ನು ಕಂಡು, ಅವನ ಮಾತಿನಂತೆ ಇಲ್ಲಿಗೆ ಬಂದವನು. ಮೂವತ್ತು ದಾಟಿದ್ದ ಅವನನ್ನು ಎಳೆಯ ವಿದ್ಯಾರ್ಥಿಯೆನ್ನಲಾಗದು. ಆದರೂ ಕೆಲವೇ ತಿಂಗಳುಗಳಲ್ಲಿ ಪೋರ್ಚುಗೀಸನ್ನು ಓದಿ ಬರೆಯಬಲ್ಲವನಾಗಿ, ಆ ವರ್ಷದ ನವೆಂಬರಿನಲ್ಲಿ ರೋಮಿನ ಗುರುಗಳಿಗೆ ಕಾಗದವನ್ನೂ ಕಳುಹಿಸಿದನು. ನೀವು ನಮ್ಮಂತೆ ಅಡ್ಡಲಾಗಿ ಏಕೆ ಬರೆಯುವುದಿಲ್ಲವೆಂದು ಜೇವಿಯರನು ಒಮ್ಮೆ ಕೇಳಿದಾಗ, ನೀವೇ ನಮ್ಮಂತೆ ಏಕೆ ಬರೆಯಬಾರದು, ಮನುಷ್ಯನ ತಲೆ ಮೇಲೆ ಕಾಲು ಕೆಳಗೆ ಇರುವಾಗ ಬರಹವೂ ಮೇಲಿನಿಂದ ಕೆಳಕ್ಕೆ ಇಳಿಯುವುದೇ ಸಹಜವಲ್ಲವೇ ಎಂದನಂತೆ. ಪರದೇಶದಲ್ಲಿ ಕಲಿಯುವವನು ತನ್ನದನ್ನು ಬಿಟ್ಟುಕೊಡದೆ ಕಲಿತುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷ್ಯವನ್ನು ನಾನು ಕಂಡಿಲ್ಲ.

ಈ ಪಾಠದಲ್ಲಿ ಒಂದು ದೊಡ್ಡ ಪ್ರಮಾದವೂ ಅಡಗಿತ್ತು. 1549ರ ಆಗಸ್ಟಿನಲ್ಲಿ ಜೇವಿಯರನು ಅಂಜಿರೊವನ್ನು ಮುಂದಿಟ್ಟುಕೊಂಡು ಕಾಗೊಶಿಮಾದಲ್ಲಿ ಇಳಿದು ಬೋಧಿಸತೊಡಗಿದಾಗ, ಕ್ರೈಸ್ತರ ದೇವರನ್ನು ‘ದೈನಿಚಿ’ ಎಂಬ ಶಬ್ದದಿಂದ ಕರೆದನು. ಅಂಜಿರೊ ಕಲಿಸಿದ ಶಬ್ದವದು. ಶಿಂಗೊನ್ ಪಂಥದ ಭಿಕ್ಷುಗಳು ಅದನ್ನು ಕೇಳಿ ಬಹಳ ಸಂತೋಷಪಟ್ಟರು. ಸಂತೋಷದ ಕಾರಣ ಜೇವಿಯರನಿಗೆ ತಿಳಿದದ್ದು ತಡವಾಗಿ: ದೈನಿಚಿಯೆಂದರೆ ಅವರು ಪೂಜಿಸುವ ಮಹಾವೈರೋಚನ ಬುದ್ಧನೇ. ಭರತಖಂಡದಲ್ಲಿ ಹುಟ್ಟಿ ಚೀನವನ್ನು ಹಾದು ಜಪಾನನ್ನು ಸೇರಿದ ಆ ಹೆಸರು, ಗೋವೆಯಲ್ಲಿ ಓದಿದವನೊಬ್ಬನ ನಾಲಗೆಯ ಮೇಲೆ ಕುಳಿತು ಒಬ್ಬ ಪಾದ್ರಿಯನ್ನು ಹೀಗೆ ಏಮಾರಿಸಿತು. ಮುಂದೆ ಅನುವಾದದ ಗೋಜೇ ಬೇಡವೆಂದು ‘ದೇವುಸ್’ ಎಂಬ ತಮ್ಮ ಶಬ್ದವನ್ನೇ ಪಾದ್ರಿಗಳು ಬಳಸಿದರು.

ಅವರು ಈ ಪೆಟ್ಟಿನಿಂದ ಬುದ್ಧಿ ಕಲಿತರೆಂದೇ ಹೇಳಬೇಕು. ಭಾಷೆಯನ್ನು ಎಳೆಯ ವಯಸ್ಸಿನಲ್ಲಿ, ಆ ನೆಲದಲ್ಲೇ ಕಲಿತವರು ಅವರಲ್ಲಿ ಹೆಚ್ಚುತ್ತ ಬಂದರು. ಲುಯಿಸ್ ಫ್ರೋಯಿಸ್ ಹದಿನಾರರ ಹರಯದಲ್ಲಿ 1548ರಲ್ಲಿ ಗೋವೆಗೆ ಬಂದು, ಅಂಜಿರೊ ಇದ್ದ ಕಾಲೇಜಿನಲ್ಲಿಯೇ ಓದಿ, 1563ರಲ್ಲಿ ಜಪಾನಿಗೆ ಹೋಗಿ, ಆ ದೇಶದ ವಿಸ್ತಾರವಾದ ಇತಿಹಾಸವೊಂದನ್ನು ಬರೆದನು. ಅವನಿಗಿಂತಲೂ ಎಳೆಯನಾಗಿ ಸ್ವದೇಶವನ್ನು ಬಿಟ್ಟ ಜುವಾಂವ್ ರೊದ್ರಿಗೆಸ್, 1577ರಲ್ಲಿ ಮೀಸೆ ಮೂಡುವ ವಯಸ್ಸಿನಲ್ಲಿ ಜಪಾನಿನಲ್ಲಿ ಇಳಿದು, ಅಲ್ಲಿಯೇ ಓದಿ ಬೆಳೆದು, ಹಿದೆಯೊಶಿಯಂತಹ ದೊರೆಯ ಸಮ್ಮುಖದಲ್ಲಿ ಮಾತಿಗೆ ಮಾತು ಹೊಂದಿಸುವ ದುಭಾಷಿಯಾದನು. ಜನ ಅವನನ್ನು ‘ತ್ಸೂಜಿ’, ಅಂದರೆ ದುಭಾಷಿ ಎಂದೇ ಕರೆದರು. 1604ರಿಂದ 1608ರವರೆಗೆ ನಾಗಸಾಕಿಯಲ್ಲಿ ಅಚ್ಚಾದ ಅವನ ಜಪಾನೀ ವ್ಯಾಕರಣದಲ್ಲಿ, ಯಾರೊಡನೆ ಯಾವ ಗೌರವರೂಪವನ್ನು ಬಳಸಬೇಕೆಂಬ ಸೂಕ್ಷ್ಮಗಳೂ ಉಂಟು. ನೀನು, ನೀವು, ತಾವು ಎಂಬ ಮೆಟ್ಟಿಲುಗಳನ್ನು ಏರಿ ಇಳಿಯುವ ನಮ್ಮ ಭಾಷೆಗೂ ಅಂತಹ ಒಬ್ಬ ಹುಡುಗ ಆ ಕಾಲದಲ್ಲಿ ದೊರೆತಿದ್ದರೆ ಎಂದು ಹಂಬಲಿಸದೆ ಆ ಗ್ರಂಥದ ಸಂಗತಿಯನ್ನು ಹೇಳುವುದು ನನಗೆ ಕಷ್ಟ.

ಜಪಾನಿನಿಂದ ಹೊರಟ ಹುಡುಗರೂ ಇದ್ದರು. 1582ರ ಫೆಬ್ರವರಿಯಲ್ಲಿ ನಾಗಸಾಕಿಯಿಂದ ಹೊರಟ ನಾಲ್ವರು ಎಳೆಯರು, ಹದಿಮೂರು ಹದಿನಾಲ್ಕರ ಪ್ರಾಯದವರು, ಗೋವೆಯ ಮಾರ್ಗವಾಗಿ ಲಿಸ್ಬನ್ನಿಗೂ ರೋಮಿಗೂ ಹೋಗಿ ಪೋಪನನ್ನು ಕಂಡು, 1587ರಲ್ಲಿ ಮತ್ತೆ ಗೋವೆಗೆ ಬಂದರು. ಅವರಲ್ಲೊಬ್ಬನಾದ ಹರಾ ಮಾರ್ತಿನೊ ಇಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಭಾಷಣ ಮಾಡಿದನು. ಅವರ ಜತೆಯಲ್ಲಿ ಹೋಗಿ ಅಚ್ಚಿನ ಕೆಲಸವನ್ನು ಕಲಿತಿದ್ದ ಜಪಾನೀ ತರುಣನೊಬ್ಬನು ಅದನ್ನು 1588ರಲ್ಲಿ ಗೋವೆಯಲ್ಲೇ ಮುದ್ರಿಸಿದನು. ಅದೇ ಸುಮಾರಿನಲ್ಲಿ, 1586ರ ಜನವರಿಯಲ್ಲಿ, ಫ್ಲಾರೆನ್ಸಿನ ವ್ಯಾಪಾರಿ ಫಿಲಿಪ್ಪೊ ಸಾಸೆತ್ತಿ ಬರೆದ ಒಂದು ಕಾಗದದಲ್ಲಿ, ವಿಜಯನಗರವಿದ್ದಾಗ ಕುದುರೆಯ ಸುಂಕವೊಂದರಿಂದಲೇ ಗೋವೆಗೆ ಒಂದು ಲಕ್ಷದ ಇಪ್ಪತ್ತರಿಂದ ಐವತ್ತು ಸಾವಿರ ಡುಕಾಟುಗಳಷ್ಟು ಬರುತ್ತಿದ್ದುದು ಈಗ ಆರು ಸಾವಿರಕ್ಕೆ ಇಳಿದಿದೆಯೆಂಬ ಮಾತಿದೆ. ವಿಜಯನಗರ ಸೋತ 1565ರ ಯುದ್ಧವಾಗಿ ಇಪ್ಪತ್ತೊಂದು ವರ್ಷ ಕಳೆದಿತ್ತು. ರಾಜಧಾನಿ ಪೆನುಕೊಂಡೆಗೆ ಹೋಗಿತ್ತು. ದಿಬ್ಬದ ಬುಡದ ಕಲ್ಲುಕುದುರೆಗಳು ಪೊದೆಯೊಳಗೆ ನಿಂತಿದ್ದವು. ಒಂದು ದಾರಿ ಬತ್ತಿತ್ತು, ಇನ್ನೊಂದರಲ್ಲಿ ಹುಡುಗರು ಪುಸ್ತಕಗಳೊಡನೆ ನಡೆಯುತ್ತಿದ್ದರು.

ಇಲ್ಲಿ ನಗು ತರಿಸುವ ವಿಷಯವೊಂದಿದೆ. ಗೋವೆಯ ಪೋರ್ಚುಗೀಸರು ಅಲ್ಲಿನ ಕೊಂಕಣಿಗರನ್ನು ‘ಕಾನಾರಿಂ’ ಎಂದು ಕರೆದರು. ಇಂಗ್ಲೆಂಡಿನಿಂದ ಬಂದ ಪಾದ್ರಿ ತಾಮಸ್ ಸ್ಟೀಫನ್ಸ್ ಬರೆದು, ಅವನು ತೀರಿಕೊಂಡ ಮೇಲೆ 1640ರಲ್ಲಿ ರಾಚೋಲಿನಲ್ಲಿ ಅಚ್ಚಾದ ಕೊಂಕಣಿ ವ್ಯಾಕರಣದ ಮೇಲೆಯೂ ‘ಕಾನಾರಿಂ ಭಾಷೆ’ ಎಂದೇ ಇದೆ. ಹೆಸರು ನಮ್ಮದು, ವ್ಯಾಕರಣ ನೆರೆಮನೆಯವರದು. ಕನ್ನಡಕ್ಕೆ ಅಚ್ಚಾದ ವ್ಯಾಕರಣ ದೊರೆತುದು 1817ರಲ್ಲಿ, ಬಂಗಾಳದ ಸೆರಾಂಪುರದಲ್ಲಿ, ವಿಲಿಯಂ ಕೇರಿಯ ಕೈಯಿಂದ. ಹರಾ ಮಾರ್ತಿನೊನ ಭಾಷಣ ಅಚ್ಚಾಗಿ ಇನ್ನೂರ ಇಪ್ಪತ್ತೊಂಬತ್ತು ವರ್ಷಗಳಾದ ಮೇಲೆ.

ಜಪಾನಿಗೂ ಈ ಸೀಮೆಗೂ ನೇರವಾದ ನಂಟು ಬೆಳೆದುದು ಬಹಳ ಈಚೆಗೆ. ಅದೂ ಕಬ್ಬಿಣದಿಂದ: ಸಂಡೂರು, ಹೊಸಪೇಟೆಗಳ ಬೆಟ್ಟಗಳ ಅದಿರು ರೈಲು ಹತ್ತಿ ಮದರಾಸಿನ ಬಂದರಿಗೆ ಹೋಗಿ, ಅಲ್ಲಿಂದ ಜಪಾನಿನ ಉಕ್ಕಿನ ಕಾರ್ಖಾನೆಗಳನ್ನು ಸೇರಿತು. ಪಶ್ಚಿಮದ ಬಂದರಿನಿಂದ ಕುದುರೆ ಬಂದಿತು, ಪೂರ್ವದ ಬಂದರಿನಿಂದ ಬೆಟ್ಟವೇ ಹೋಯಿತು. ಆದರೆ ಮಾತು ಕಲಿಯಬೇಕೆಂದೇ ಬಂದ ಒಬ್ಬ ತರುಣನನ್ನು ಇಲ್ಲಿ ನೆನೆಯಬೇಕು. 1933ರಲ್ಲಿ ಹುಟ್ಟಿದ ನೊಬೊರು ಕರಾಶಿಮಾ, ಅರುವತ್ತರ ದಶಕದ ಆದಿಯಲ್ಲಿ ಮದರಾಸಿಗೆ ಬಂದು, ತಮಿಳನ್ನು ಕಲಿತು, ಶಾಸನಗಳನ್ನು ಓದುವ ವಿದ್ಯೆಗೆ ಕುಳಿತರು. ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ತೆಗೆದ ಪಡಿಯಚ್ಚುಗಳ ಮೇಲೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವ ಆ ಕೆಲಸ ಎಷ್ಟು ನಿಧಾನದ್ದೆಂಬುದನ್ನು ಅದನ್ನು ಒಂದು ಮಧ್ಯಾಹ್ನ ನೋಡಿದವರಿಗೂ ಹೇಳಬೇಕಾಗಿಲ್ಲ. ಚೋಳರ ಕಾಲದ ಗ್ರಾಮಗಳಿಂದ ಹೊರಟ ಅವರ ಅಧ್ಯಯನ ವಿಜಯನಗರದ ನಾಯಕರವರೆಗೆ ನಡೆದು, 1992ರಲ್ಲಿ ವಿಜಯನಗರದ ಆಳ್ವಿಕೆಯಲ್ಲಿ ದಕ್ಷಿಣದ ಸಮಾಜ ಹೇಗಿತ್ತೆಂಬ ಗ್ರಂಥವಾಯಿತು. 2013ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು, 2015ರಲ್ಲಿ ತೀರಿಕೊಂಡರು. ಹಂಪಿಯ ಅರಸರು ತಮಿಳು ಸೀಮೆಗೆ ಕಳುಹಿಸಿದ ನಾಯಕರ ಕಥೆಯನ್ನು, ಕಾಗೊಶಿಮಾದ ಅಂಜಿರೊವಿನ ನಾಡಿನವರೊಬ್ಬರು ತಮಿಳು ಕಲ್ಲುಗಳಿಂದ ಓದಿ ನಮಗೆ ಹೇಳಿದರು.

ವಿರೂಪಾಕ್ಷನ ಗುಡಿಯಲ್ಲಿ, ಕೃಷ್ಣದೇವರಾಯನ ಪಟ್ಟಾಭಿಷೇಕಕ್ಕೆ ಸಂಬಂಧಿಸಿದ 1510ರ ಶಾಸನದ ಕಲ್ಲಿದೆ. ಅದರಲ್ಲಿ ಸಂಸ್ಕೃತವೂ ಉಂಟು, ಕನ್ನಡವೂ ಉಂಟು. ಕಳೆದ ಮಾಘದಲ್ಲಿ ನಾನು ಅಲ್ಲಿಗೆ ಹೋದಾಗ, ಬೆನ್ನಿಗೆ ಚೀಲ ಕಟ್ಟಿದ್ದ ಜಪಾನೀ ತರುಣಿಯೊಬ್ಬಳು ಆ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಹೂವು ಮಾರುವ ಮುದುಕಿ ಪಕ್ಕದಲ್ಲಿ ನಿಂತು, ‘ಇದು ಶ್ರೀ, ನೋಡವ್ವಾ, ಶ್ರೀ’ ಎಂದು ಒಂದೇ ಅಕ್ಷರವನ್ನು ಹೇಳಿಕೊಡುತ್ತಿದ್ದಳು. ಹುಡುಗಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಒಂದರ ಕೆಳಗೆ ಒಂದರಂತೆ, ಮೇಲಿನಿಂದ ಕೆಳಕ್ಕೆ, ಐದು ಸಲ.