ಸ್ಪೈಡರ್-ಮ್ಯಾನ್: ಇಂಡಿಯಾ (ಸಂಚಿಕೆ 4)

ಇದು 2004–05ರ ಸೂಪರ್‌ಹೀರೋ ಕಾಮಿಕ್ಸ್ ಮಾಲಿಕೆ 'ಸ್ಪೈಡರ್-ಮ್ಯಾನ್: ಇಂಡಿಯಾ'ದ ಕೊನೆಯ ಸಂಚಿಕೆ. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಹಾಗೂ ಬೆಂಗಳೂರಿನ ಚಿತ್ರಕಾರ ಜೀವನ್ ಜೆ. ಕಾಂಗ್ ಮಾಲಿಕೆಯನ್ನು ರೂಪಿಸಿದರು.

ಕಥಾವಸ್ತು

ಯೋಗಿಯೊಬ್ಬನಿಂದ ಜೇಡನ ಶಕ್ತಿ ಪಡೆದ ಮುಂಬಯಿಯ ಪವಿತ್ರ್ ಪ್ರಭಾಕರ್, ರಾಕ್ಷಸರೂಪ ತಾಳಿದ ಉದ್ಯಮಿ ನಳಿನ್ ಒಬೆರಾಯ್‌ನನ್ನು ಮಣಿಸುತ್ತಾನೆ. ಆದರೆ ವೆನಮ್‌ನನ್ನು ಹೋಲುವ ಇನ್ನೊಂದು ರಾಕ್ಷಸಶಕ್ತಿ ಉಳಿದಿರುವ ಸೂಚನೆಯೊಂದಿಗೆ ಕಥೆ ನಿಲ್ಲುತ್ತದೆ.

ಮಿತಿಗಳು

ಪೀಟರ್ ಪಾರ್ಕರ್ ಇಲ್ಲಿ ಪವಿತ್ರ್, ಮೇರಿ ಜೇನ್ ಮೀರಾ ಜೈನ್, ಬೆನ್ ಚಿಕ್ಕಪ್ಪ ಭೀಮ್ ಆಗಿದ್ದಾರೆ. ಮೂಲದ ಹೆಜ್ಜೆಜಾಡಿನಲ್ಲೇ ನಡೆಯುವುದರಿಂದ ಮುಕ್ತಾಯವನ್ನು ಓದುಗರು ಮೊದಲೇ ಊಹಿಸಬಹುದು. ಐದನೆಯ ಸಂಚಿಕೆ ಬಾರದೆ, ಕೊನೆಯ ಪುಟದ ಸೂಚನೆ ಅಲ್ಲಿಯೇ ಉಳಿಯಿತು.

ನಂತರ

ಪಾತ್ರವು 2014ರ 'ಸ್ಪೈಡರ್-ವರ್ಸ್' ಕಥಾಸರಣಿಯಲ್ಲೂ 2023ರ 'ಅಕ್ರಾಸ್ ದ ಸ್ಪೈಡರ್-ವರ್ಸ್' ಚಲನಚಿತ್ರದಲ್ಲೂ ಮರಳಿತು.