ಜಿನಬಿಂಬಗಳ ಲೋಹ ಮತ್ತು ವರ್ಣ

ದಿಗಂಬರ ಸಂಪ್ರದಾಯದಂತೆ ಚತುರ್ವಿಂಶತಿ ತೀರ್ಥಂಕರರಲ್ಲಿ ಚಂದ್ರಪ್ರಭ, ಪುಷ್ಪದಂತ ಸ್ವಾಮಿಗಳು ಶ್ವೇತವರ್ಣರು; ಪದ್ಮಪ್ರಭ, ವಾಸುಪೂಜ್ಯರು ರಕ್ತವರ್ಣರು; ಸುಪಾರ್ಶ್ವ, ಪಾರ್ಶ್ವನಾಥರು ಹರಿತವರ್ಣರು; ಮುನಿಸುವ್ರತ, ನೇಮಿನಾಥರು ಶ್ಯಾಮವರ್ಣರು. ಉಳಿದ 16 ಮಂದಿ ತೀರ್ಥಂಕರರೂ ಹೇಮವರ್ಣರೇ. ಶಿಲೆಯಲ್ಲಿ ಬಿಂಬವನ್ನು ಕಡೆಯುವವನು ಬಿಳಿಯ ಅಮೃತಶಿಲೆಯನ್ನೋ ಕರಿಯ ಕಲ್ಲನ್ನೋ ಆರಿಸಿಕೊಂಡು ಈ ಸಂಪ್ರದಾಯವನ್ನು ಒಂದಿಷ್ಟು ಪಾಲಿಸಬಲ್ಲನು. ಆದರೆ ಎರಕ ಹೊಯ್ಯುವವನ ಪಾಡೇನು? ನೂಲಿಗೆ ಬಣ್ಣ ಕಟ್ಟುವಂತೆ ಕರಗಿದ ಲೋಹಕ್ಕೆ ಬಣ್ಣ ಕಟ್ಟಲು ಬರುವುದಿಲ್ಲ. ತಾಮ್ರವು ಕರಗುವುದು ಸುಮಾರು 1,085 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ. ಆ ಬೆಂಕಿಯಲ್ಲಿ ಗಿಡಮೂಲಿಕೆಯ ಬಣ್ಣಗಳು ಬೂದಿಯಾಗುತ್ತವೆ. ಮಣ್ಣಿನ ಬಣ್ಣಗಳು ಕಿಟ್ಟವಾಗಿ ಮೇಲೆ ತೇಲುತ್ತವೆ. ಲೋಹದ ಬಣ್ಣವನ್ನು ಬದಲಿಸಬಲ್ಲದ್ದು ಇನ್ನೊಂದು ಲೋಹ ಮಾತ್ರ. ಬಿಂಬದ ವರ್ಣವು ಮೂಸೆಯಲ್ಲಿಯೇ, ತಕ್ಕಡಿಯ ತೂಕದ ಮೇಲೆಯೇ ನಿರ್ಧಾರವಾಗುತ್ತದೆ.

ಕೆಂಪು ತಾಮ್ರಕ್ಕೆ ಹೊನ್ನಿನ ಬಣ್ಣ ತರಿಸುವುದು ಸತುವು. ನೂರು ಭಾಗದಲ್ಲಿ ಹತ್ತು ಭಾಗ ಸತುವು ಸೇರಿದರೆ ತಾಮ್ರದ ಕೆಂಪು ಇನ್ನೂ ಉಳಿದಿರುತ್ತದೆ. ಹದಿನೈದು ಇಪ್ಪತ್ತು ಭಾಗವಾದಾಗ ಬಂಗಾರಕ್ಕೆ ಬಹು ಸಮೀಪದ ಕಾಂತಿ ಬರುತ್ತದೆ. ಮೂವತ್ತನ್ನು ದಾಟಿದರೆ ಇಂದಿನ ಬಿಂದಿಗೆ, ಚೆಂಬುಗಳ ಹಳದಿ. ಅರ್ಧಕ್ಕೂ ಮಿಕ್ಕರೆ ಲೋಹವು ಬೆಳ್ಳಗಾಗಿ, ಪೆಟ್ಟು ತಾಳಲಾರದೆ ಒಡೆಯುತ್ತದೆ. ಹೇಳುವುದಕ್ಕೆ ಇದು ಸುಲಭ. ಮಾಡುವಲ್ಲಿ ಪ್ರಾಚೀನರಿಗೆ ಒಂದು ದೊಡ್ಡ ಅಡ್ಡಿಯಿತ್ತು. ಸತುವು 907 ಡಿಗ್ರಿಯಲ್ಲಿಯೇ ಕುದಿದು ಆವಿಯಾಗುತ್ತದೆ. ಗಾಳಿ ತಗುಲಿದರೆ ಹೊತ್ತಿಕೊಂಡು ಬಿಳಿಯ ಹೊಗೆಯಾಗಿ ಹಾರಿಹೋಗುತ್ತದೆ. ಅದಿರನ್ನು ಕುಲುಮೆಗೆ ಹಾಕಿ ತಾಮ್ರವನ್ನು ಪಡೆದಂತೆ ಸತುವನ್ನು ಪಡೆಯಲಾಗದು.

ಅದಕ್ಕೆ ಅವರು ಕಂಡುಕೊಂಡ ಉಪಾಯ ಮುಚ್ಚಿದ ಮೂಸೆಯದು. ತಾಮ್ರದ ಚೂರುಗಳು, ರಸಕವೆಂದು ಕರೆಯಲಾಗುತ್ತಿದ್ದ ಸತುವಿನ ಅದಿರು, ಇದ್ದಲು, ಇವನ್ನು ಒಟ್ಟಿಗೆ ತುಂಬಿ ಬಾಯನ್ನು ಮಣ್ಣಿನಿಂದ ಮುಚ್ಚಿ ಕಾಯಿಸಿದರೆ, ಹೊರಹೋಗಲು ದಾರಿಯಿಲ್ಲದ ಸತುವಿನ ಆವಿಯು ತಾಮ್ರದೊಳಕ್ಕೇ ಇಳಿಯುತ್ತದೆ. ಮೂಸೆಯನ್ನು ಒಡೆದಾಗ ಕೆಂಪು ಹೋಗಿ ಹೊಂಬಣ್ಣ ಬಂದಿರುತ್ತದೆ. ರಸತಂತ್ರದ ಗ್ರಂಥಗಳು ರಸಕದಿಂದ ತಾಮ್ರವು ಸ್ವರ್ಣದಂತಾಗುವುದನ್ನು ಬಹಳ ಸಂಭ್ರಮದಿಂದ ವರ್ಣಿಸುತ್ತವೆ. ಚಿನ್ನ ಮಾಡಿದೆವೆಂದು ಹೇಳಿಕೊಂಡ ರಸವಾದಿಗಳಲ್ಲಿ ಅನೇಕರು ಮಾಡಿದ್ದು ಒಳ್ಳೆಯ ಹಿತ್ತಾಳೆಯನ್ನೇ ಇರಬೇಕು. ಒರೆಗಲ್ಲಿನ ಮುಂದೆ ಅದು ನಿಲ್ಲದೆಂಬುದನ್ನು ವರ್ತಕನಾದವನು ಬಲ್ಲ. ಈ ವಿಧಾನದಿಂದ ಸಾಮಾನ್ಯವಾಗಿ ನೂರಕ್ಕೆ 28 ಭಾಗದಷ್ಟು ಸತುವು ಮಾತ್ರ ತಾಮ್ರವನ್ನು ಸೇರುತ್ತದೆ.

ಸತುವನ್ನೇ ಪ್ರತ್ಯೇಕವಾಗಿ ಹಿಡಿದು ತೂಗಿ ಹಾಕುವ ವಿದ್ಯೆಯು ದೊಡ್ಡ ಪ್ರಮಾಣದಲ್ಲಿ ಸಿದ್ಧಿಸಿದ್ದು ರಾಜಸ್ಥಾನದ ಉದಯಪುರದ ದಕ್ಷಿಣದಲ್ಲಿರುವ ಜಾವರ್ ಎಂಬಲ್ಲಿ. 1983ರಲ್ಲಿ ಅಲ್ಲಿ ನಡೆದ ಉತ್ಖನನದಲ್ಲಿ ಪ್ರಾಚೀನ ಕುಲುಮೆಗಳ ಸಾಲುಗಳೇ ಬೆಳಕಿಗೆ ಬಂದವು. ಬದನೆಕಾಯಿಯ ಆಕಾರದ ಮಣ್ಣಿನ ಮೂಸೆಗಳು, ಒಂದೊಂದು ಕುಲುಮೆಗೆ 36ರಂತೆ, ತಲೆಕೆಳಗಾಗಿ ನಿಂತಿದ್ದವು. ಪ್ರತಿ ಮೂಸೆಯ ಬಾಯಿಗೆ ಒಂದು ಮಣ್ಣಿನ ಕೊಳವೆ. ಮೇಲಿನ ಬೆಂಕಿಯಲ್ಲಿ ಎದ್ದ ಆವಿಯು ಮೇಲಕ್ಕೆ ಹೋಗಲಾರದೆ ಕೊಳವೆಯ ಮೂಲಕ ಕೆಳಗಿನ ತಂಪಾದ ಕೋಣೆಗಿಳಿದು ಹನಿಗಟ್ಟುತ್ತಿತ್ತು. ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಎಂಬಾತನು ಸತುವನ್ನು ಬಟ್ಟಿಯಿಳಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದದ್ದು 1738ರಲ್ಲಿ. ಜಾವರಿನ ಕುಲುಮೆಗಳು ಅದಕ್ಕಿಂತ ಶತಮಾನಗಳಷ್ಟು ಹಿಂದಿನವು. ಬೂದಿಗುಡ್ಡೆಗಳಂತೆ ಬಿದ್ದಿರುವ ಒಡೆದ ಮೂಸೆಗಳ ರಾಶಿಗಳ ಆಸುಪಾಸಿನಲ್ಲಿಯೇ ಜೈನ ದೇವಾಲಯಗಳ ಅವಶೇಷಗಳೂ ಇವೆಯೆಂಬುದು ನಮ್ಮ ಸಮಾಜದವರು ತಿಳಿದಿರಬೇಕಾದ ಸಂಗತಿ.

ಗುಜರಾತ ರಾಜಸ್ಥಾನಗಳ ಶ್ವೇತಾಂಬರ ಮಂದಿರಗಳಲ್ಲಿ ಮಧ್ಯಯುಗದ ಹಿತ್ತಾಳೆಯ ಬಿಂಬಗಳು ಸಹಸ್ರ ಸಂಖ್ಯೆಯಲ್ಲಿ ಉಳಿದುಬಂದಿವೆ. ಅವುಗಳ ಬೆನ್ನಿನ ಮೇಲೆ ಸಂವತ್ಸರ, ತಿಥಿ, ದಾನಿಯ ಕುಲ, ತಂದೆತಾಯಿಯರ ಹೆಸರು, ಪ್ರತಿಷ್ಠೆ ಮಾಡಿಸಿದ ಆಚಾರ್ಯರ ಹೆಸರು ಕೊರೆದಿರುತ್ತವೆ. ದಾನಿಗಳಲ್ಲಿ ಬಹುಮಂದಿ ಶ್ರೀಮಾಲ, ಓಸ್ವಾಲ, ಪ್ರಾಗ್ವಾಟ ಕುಲಗಳ ವರ್ತಕರು. ಒಂದೇ ಲೋಹದಿಂದ ಒಂದೇ ಬಣ್ಣ ಬರುವುದೆಂಬ ಕೊರತೆಯನ್ನು ಅಲ್ಲಿನ ಕುಶಲಿಗಳು ಮತ್ತೊಂದು ರೀತಿಯಲ್ಲಿ ತುಂಬಿದರು. ಎರಕವಾದ ಮೇಲೆ ಕಣ್ಣು, ಶ್ರೀವತ್ಸಗಳಲ್ಲಿ ಬೆಳ್ಳಿಯನ್ನು ಕೂರಿಸಿದರು. ಪೀಠದ ದಿಂಬಿನ ಮೇಲೆ ಬೆಳ್ಳಿ ತಾಮ್ರಗಳ ಚೌಕುಳಿ ಹೆಣೆದರು. ಈ ಪದ್ಧತಿಗೆ ಬಹು ಹಿಂದಿನ ಬೇರುಗಳಿವೆ. 1951ರಲ್ಲಿ ವಡೋದರದ ಬಳಿಯ ಅಕೋಟದಲ್ಲಿ ದೊರೆತ ಜೈನ ಕಂಚುಗಳ ನಿಧಿಯಲ್ಲಿ ಐದಾರನೆಯ ಶತಮಾನದ ಬಿಂಬಗಳಿಗೂ ಬೆಳ್ಳಿಯ ಕಣ್ಣುಗಳಿವೆ.

ದಕ್ಷಿಣದ ದಿಗಂಬರ ಬಿಂಬಗಳಲ್ಲಿ ಕೂರಿಸುವ ಕೆಲಸ ಸಾಮಾನ್ಯವಾಗಿ ಕಾಣದು. ಇಲ್ಲಿ ಲೋಹದ ಮೈಬಣ್ಣವೇ ಸರ್ವಸ್ವ. ಶ್ರವಣಬೆಳಗೊಳದಿಂದ ಹೋಗಿ ಈಗ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು 51 ಸೆಂಟಿಮೀಟರ್ ಎತ್ತರದ ಬಾಹುಬಲಿಯ ಕಂಚಿನ ಮೂರ್ತಿಯಲ್ಲಿ ಮೈಗೆ ಹಬ್ಬಿದ ಬಳ್ಳಿಗೂ ಮೈಗೂ ಒಂದೇ ಬಣ್ಣ. ಆದರೂ ಬಳ್ಳಿ ಬಳ್ಳಿಯಾಗಿಯೂ ಮೈ ಮೈಯಾಗಿಯೂ ತೋರುತ್ತದೆ. ಇಂಥ ಮೂರ್ತಿಗಳನ್ನು ಮೇಣದ ಎರಕದಿಂದ ಮಾಡುವ ಕ್ರಮವನ್ನು ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಹೇಳಿದ್ದಾನೆ. ಸುಟ್ಟ ಹೊಟ್ಟು, ಹತ್ತಿ, ಉಪ್ಪು ಬೆರೆಸಿ ನುಣ್ಣಗೆ ಅರೆದ ಮಣ್ಣನ್ನು ಮೇಣದ ಮೂರ್ತಿಗೆ ಮೂರು ಸಲ ಲೇಪಿಸಬೇಕು. ಮೇಣವನ್ನು ಮೊದಲೇ ತೂಗಿಡಬೇಕು. ಬೆಳ್ಳಿಯಾದರೆ ಮೇಣದ 12 ಪಾಲು, ಚಿನ್ನವಾದರೆ 16 ಪಾಲು ತೂಕ ತೆಗೆದುಕೊಳ್ಳಬೇಕು. ರಾಜನಾದವನು ಅಕ್ಕಸಾಲೆಯಂತೆ ಲೆಕ್ಕ ಬರೆದಿಟ್ಟದ್ದು ನಮ್ಮ ಪುಣ್ಯ.

ಕಂಚಿನ ಸ್ವಭಾವ ಹಿತ್ತಾಳೆಯದಕ್ಕಿಂತ ಬೇರೆ. ತಾಮ್ರಕ್ಕೆ ತವರವು ಹತ್ತು ಭಾಗ ಸೇರಿದರೆ ಹೊಂಗಂದು. ಇಪ್ಪತ್ತೆರಡರ ಹತ್ತಿರ ಗಂಟೆಯ ಕಂಚು, ಬಣ್ಣ ತಿಳಿಹಳದಿ, ನಾದ ಗಂಭೀರ. ಮೂವತ್ತು ದಾಟಿದರೆ ಬೆಳ್ಳಿಯಂಥ ಬಿಳುಪು. ಕೇರಳದ ಆರನ್ಮುಳದ ಲೋಹದ ಕನ್ನಡಿ ಈ ಬಿಳುಪಿನಿಂದಲೇ ಮುಖ ತೋರಿಸುತ್ತದೆ. ಅದು ಗಾಜಿನಷ್ಟೇ ಪೆಡಸು, ಬಿದ್ದರೆ ಚೂರು. ಆದ್ದರಿಂದ ಶ್ವೇತವರ್ಣದ ಸ್ವಾಮಿಗೆ ತವರದ ಬಿಳುಪು ಒದಗಲಿಲ್ಲ. ಮೂಡಬಿದಿರೆಯಲ್ಲಿ 1430ರಲ್ಲಿ ಆದ ತ್ರಿಭುವನತಿಲಕ ಚೂಡಾಮಣಿ ಬಸದಿಯ ಚಂದ್ರನಾಥಸ್ವಾಮಿಯೂ ಪಂಚಲೋಹದಲ್ಲಿಯೇ ಬೆಳಗುತ್ತಿದ್ದಾನೆ. ಇನ್ನು ಪಂಚಲೋಹಕ್ಕೆ ಶ್ರಾವಕಿಯರು ಬಳೆ, ಉಂಗುರಗಳನ್ನು ಹಾಕುವುದುಂಟು. ಅಷ್ಟು ಅಲ್ಪ ಚಿನ್ನ ಬೆಳ್ಳಿಯಿಂದ ಬಣ್ಣ ಬದಲಾಗದು. ಅದು ಭಕ್ತಿಯ ಲೆಕ್ಕ. ಬಣ್ಣದ ಲೆಕ್ಕವನ್ನು ತಾಮ್ರ ಸತುವುಗಳೇ ನೋಡಿಕೊಳ್ಳುತ್ತವೆ.

ಶ್ಯಾಮವರ್ಣಕ್ಕೆ ನಮ್ಮ ನಾಡಿನ ಬೀದರಿನಲ್ಲಿ ಒಂದು ಅಪೂರ್ವ ಉಪಾಯವಿದೆ. ಬಿದರಿಯ ಎರಕದಲ್ಲಿ ಸತುವೇ ಮುಖ್ಯ. ತಾಮ್ರ ನೂರಕ್ಕೆ ಐದಾರು ಭಾಗ. ಎರಕದ ಹೊತ್ತಿಗೆ ಅದು ಬೂದುಬಣ್ಣ. ಬೆಳ್ಳಿಯ ತಂತಿಯನ್ನು ಕೂರಿಸಿದ ಮೇಲೆ ಬೀದರ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕದಡಿ ಕಾಯಿಸಿ ಹಚ್ಚಿದರೆ ಮೈ ಕಪ್ಪಾಗಿ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಆ ಕಪ್ಪಿನ ಬೀಜ ಮೂಸೆಗೆ ಹಾಕಿದ ಚೂರು ತಾಮ್ರದಲ್ಲಿದೆ.

ಹಸಿರನ್ನು ಮಾತ್ರ ಈ ಲೋಹಗಳ ಯಾವ ಮೂಸೆಯೂ ಕೊಡಲಿಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ದರ್ಶನಕ್ಕಿರುವ ರತ್ನಬಿಂಬಗಳಲ್ಲಿ ಪಚ್ಚೆಯದೂ ಇರುವುದನ್ನು ನೆನೆದರೆ ಆ ಕೊರತೆ ಹೇಗೆ ತುಂಬಿತೆಂದು ತಿಳಿಯುತ್ತದೆ. ಲೋಹದ ಮೇಲೆ ತಾನಾಗಿ ಬರುವ ಹಸಿರು ಕಿಲುಬಿನದು. ಅದರಲ್ಲಿಯೂ ಎರಡು ಬಗೆ. ಗಟ್ಟಿಯಾಗಿ, ನುಣುಪಾಗಿ ಕೂತ ಹಸಿರು ಲೋಹವನ್ನು ಕಾಯುತ್ತದೆ. ಹಿಟ್ಟಿನಂತೆ ಉದುರುವ ತಿಳಿಹಸಿರು ಲೋಹವನ್ನು ತಿನ್ನುತ್ತದೆ. ಈ ಎರಡನೆಯದಕ್ಕೆ ಉಪ್ಪಿನಂಶವೇ ಕಾರಣ. ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಬಿಂಬವನ್ನು ತಿಕ್ಕಿ, ಸರಿಯಾಗಿ ತೊಳೆದು ಒರೆಸದೆ ಬಿಡುವ ಕಡೆಗಳಲ್ಲಿ ಇದು ಮೂಲೆ ಸಂದುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ತೆಗೆಯಲೆಂದು ಮತ್ತೆ ತಿಕ್ಕುವುದರಿಂದ ಮೂಗು ಸವೆಯುತ್ತದೆ, ಬೆಳ್ಳಿಯ ಕಣ್ಣು ಸಡಿಲವಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಸವೆದ ಬಿಂಬಕ್ಕೆ ಚಿನ್ನದ ಬಣ್ಣ ಬಳಿಸುವುದೂ, ವಿದ್ಯುತ್ತಿನಿಂದ ಮುಲಾಮು ಕೊಡಿಸುವುದೂ ಬಳಕೆಗೆ ಬಂದಿದೆ. ಹದಿನೈದು ಇಪ್ಪತ್ತು ಭಾಗ ಸತುವಿನಿಂದ ಹಿಂದಿನವರು ಒಳಗಿನಿಂದಲೇ ತಂದುಕೊಟ್ಟ ಹೇಮವರ್ಣದ ಮೇಲೆ ಹೊರಗಿನಿಂದ ಇನ್ನೊಂದು ಹೇಮವರ್ಣವನ್ನು ಹೊದಿಸುವುದು ಉಚಿತವೆನಿಸದು. ಹೊಸ ಬಿಂಬವನ್ನು ಮಾಡಿಸುವವರು ಎರಕದವನೊಡನೆ ಮೊದಲು ಮಾತಾಡಬೇಕಾದದ್ದು ತಾಮ್ರ ಸತುವುಗಳ ಪಾಲಿನ ವಿಷಯ; ಹಳೆಯ ಬಿಂಬದ ಅರ್ಚಕರೊಡನೆ ಮಾತಾಡಬೇಕಾದದ್ದು ಶುದ್ಧ ನೀರು ಮತ್ತು ಮೆತ್ತನೆಯ ಒಣಬಟ್ಟೆಯ ವಿಷಯ. ತಿಕ್ಕುವ ಕೈ ಮೊದಲು ಅಳಿಸುವುದು ಬಣ್ಣವನ್ನಲ್ಲ, ಬೆನ್ನಿನ ಮೇಲಿನ ಅಕ್ಷರಗಳನ್ನು. ದಾನಿಯ ಹೆಸರೂ ಸಂವತ್ಸರವೂ ಹೋದ ಮೇಲೆ ಬಿಂಬದ ಚರಿತ್ರೆಯನ್ನು ಹೇಳುವವರು ಯಾರೂ ಇರುವುದಿಲ್ಲ.